ಹಿಂದಿನ ಸಾಲಿಗೆ ಬರೆದ ಸಂಗೀತ

(ಪುಣೆಯ ಕಾತ್ರಜದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಸಂಗೀತದ ಬಗ್ಗೆ ಮಾತಾಡಬೇಕು ಎಂಬುದೊಂದೇ ಈ ದತ್ತಿಯ ಷರತ್ತು. ಪುಣೆಯಲ್ಲಿ ಕನ್ನಡದವರು ಯಾರಾದರೂ ಸಂಗೀತದ ಬಗ್ಗೆ ಮಾತಾಡಲು ನಿಂತರೆ ಭೀಮಸೇನ ಜೋಶಿಯವರ ಹೆಸರು ಎಷ್ಟನೇ ನಿಮಿಷಕ್ಕೆ ಬರುತ್ತದೆ ಎಂದು ಸಭಿಕರು ಗಡಿಯಾರ ನೋಡುತ್ತಾರೆ. ಬಂದಾಯಿತು. ಗದಗ ಜಿಲ್ಲೆಯ ಆ ಹುಡುಗ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಕೈಕೆಳಗೆ ಕಲಿತು, ಗುರುವಿನ ನೆನಪಿಗೆ 1953ರಿಂದ ಇಲ್ಲಿ ನಡೆಸಿದ ಉತ್ಸವಕ್ಕೆ ನಾವೆಲ್ಲ ಡಿಸೆಂಬರ್ ಚಳಿಯಲ್ಲಿ ಶಾಲು ಹೊದ್ದು ಹೋಗುವವರೇ. ಅಲ್ಲಿ ಒಬ್ಬರು ಹಾಡುತ್ತಾರೆ, ಸಾವಿರಾರು ಜನ ಕೇಳುತ್ತಾರೆ. ನಾನು ಇವತ್ತು ಹೇಳಹೊರಟಿರುವುದು ಇದರ ತದ್ವಿರುದ್ಧದ ವಿಚಾರ. ಒಂದು ಓಣಿಯ ಮಕ್ಕಳೆಲ್ಲ ಕೂಡಿ ನುಡಿಸುತ್ತಾರೆ. ಕೇಳುವುದಕ್ಕೆ ಅವರ ಅಪ್ಪ ಅಮ್ಮ ಬಂದರೆ ದೊಡ್ಡ ಮಾತು.

ಇಲ್ಲಿಯ ಹೌಸಿಂಗ್ ಸೊಸೈಟಿಯೊಂದರ ತಗಡಿನ ಮಾಡಿನ ಹಾಲ್‌ನಲ್ಲಿ ನಾನು ಮಕ್ಕಳ ವಾದ್ಯವೃಂದವೊಂದನ್ನು ಕೆಲವು ವರ್ಷಗಳಿಂದ ನಡೆಸುತ್ತಿದ್ದೇನೆ. ಎಲ್ಲ ಪಾಲಕರೂ ಕೇಳುವ ಒಂದು ಪ್ರಶ್ನೆ ಇದೆ. ವಿಜಾಪುರ ಕಡೆಯ ತಾಯಿಯೊಬ್ಬರು ಅದನ್ನು ಎಲ್ಲರಿಗಿಂತ ನೇರವಾಗಿ ಕೇಳಿದರು: "ಸರ, ನಮ್ಮ ಹುಡುಗಿ ಒಬ್ಬಾಕಿನ ಯಾವಾಗ ಬಾರಸ್ತಾಳ್ರಿ?"

ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ನಮ್ಮ ಶಾಸ್ತ್ರೀಯ ಸಂಗೀತದ ತರಬೇತಿಯೆಲ್ಲ ಆ ‘ಒಬ್ಬಾಕಿ’ಗಾಗಿಯೇ ರೂಪುಗೊಂಡದ್ದು. ಗುರುವಿನ ಮುಂದೆ ಒಬ್ಬ ಶಿಷ್ಯ ಕೂರುತ್ತಿದ್ದ ಜಾಗಕ್ಕೆ ಕುರುಂದವಾಡದ ವಿಷ್ಣು ದಿಗಂಬರ ಪಲುಸ್ಕರರು ತರಗತಿಯನ್ನು ತಂದರು. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಅವರ ಶಿಷ್ಯ ವಿನಾಯಕರಾವ್ ಪಟವರ್ಧನರು 1932ರಲ್ಲಿ ಪುಣೆಯಲ್ಲಿ ಅದೇ ಹೆಸರಿನ ಶಾಲೆ ಕಟ್ಟಿದರು. ಬಡವರ ಮಕ್ಕಳಿಗೂ ಮನೆವಂತರ ಹೆಣ್ಣುಮಕ್ಕಳಿಗೂ ಸಂಗೀತದ ಬಾಗಿಲು ತೆರೆದದ್ದು ಹೀಗೆ. ಆದರೆ ಒಂದು ಕೋಣೆಯಲ್ಲಿ ಇಪ್ಪತ್ತು ಜನ ಕೂತು ಕಲಿತರೂ ಪರೀಕ್ಷೆಗೆ ಹೋಗುವಾಗ ಒಬ್ಬೊಬ್ಬರೇ. ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ, ಯಾವ ಮೆಟ್ಟಿಲಿನಲ್ಲೂ ಪಕ್ಕದವರ ಜೊತೆ ನುಡಿಸಿ ತೋರಿಸು ಎಂದು ಕೇಳುವುದಿಲ್ಲ. ಪ್ರವೇಶಿಕಾ ಪೂರ್ಣ ಪಾಸಾದ ಮಗು ನಮ್ಮಲ್ಲಿಗೆ ಬಂದು, ಆರು ಜನರ ನಡುವೆ ಒಂದು ಆವರ್ತ ಕೂಡಿ ನುಡಿಸಲಾಗದೆ ಕಕ್ಕಾಬಿಕ್ಕಿಯಾಗುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಮಗುವಿಗೆ ಸ್ವರ ಗೊತ್ತು, ಬೆರಳು ಗೊತ್ತು. ಇನ್ನೊಬ್ಬರಿಗಾಗಿ ಕಾಯುವುದನ್ನು ಯಾರೂ ಹೇಳಿಕೊಟ್ಟಿಲ್ಲ.

ಹಾಗಾದರೆ ಕೂಡಿ ನುಡಿಸುವುದು ನಮ್ಮ ನೆಲದ್ದಲ್ಲವೇ? ಭಾದ್ರಪದದಲ್ಲಿ ಈ ಊರಿನ ಯಾವ ಬೀದಿಯಲ್ಲಿ ನಿಂತರೂ ಉತ್ತರ ಸಿಗುತ್ತದೆ. ಪುಣೆಯ ನಿಜವಾದ ಯುವ ವಾದ್ಯವೃಂದ ಎಂದರೆ ಢೋಲ್‌-ತಾಶಾ ಪಥಕ. ಇದನ್ನು ಸಂಗೀತದವರ ಸಭೆಯಲ್ಲಿ ಹೇಳಿದರೆ ಕೆಲವರ ಮುಖ ಹುಳ್ಳಗಾಗುತ್ತದೆ, ಗೊತ್ತು. ಮಳೆಗಾಲ ಶುರುವಾಗುತ್ತಿದ್ದಂತೆ ವಾದ್ಯಪೂಜೆ ಮಾಡಿ, ಸಂಜೆ ಕಾಲೇಜು, ಆಫೀಸು ಮುಗಿಸಿಕೊಂಡು ಬಂದ ಹುಡುಗ ಹುಡುಗಿಯರು ನದಿಯ ದಡದಲ್ಲೋ ಖಾಲಿ ಮೈದಾನದಲ್ಲೋ ಸರಾವು, ಎಂದರೆ ತಾಲೀಮು, ಮಾಡುತ್ತಾರೆ. ಸೊಂಟಕ್ಕೆ ಬಿಗಿದ ಢೋಲಿನ ಒಂದು ಮಗ್ಗುಲಿಗೆ ಟಿಪರು ಎಂಬ ಕೋಲು, ಇನ್ನೊಂದು ಮಗ್ಗುಲಿಗೆ ಬರಿಗೈ. ಕೊರಳಿಗೆ ತೂಗುವ ತಾಶಾಕ್ಕೆ ಎರಡು ತೆಳು ಕಡ್ಡಿ. ಜೊತೆಗೆ ಝಾಂಜು, ಮುಂದೆ ಧ್ವಜ. ಶಾಲೆಯ ಮಕ್ಕಳ ಪಥಕದ ಮಾತು ಬಂದರೆ ಜ್ಞಾನಪ್ರಬೋಧಿನಿ, ರಮಣಬಾಗ ಶಾಲೆಗಳ ಹೆಸರನ್ನು ಪುಣೆಯವರು ಅಭಿಮಾನದಿಂದ ಹೇಳುತ್ತಾರೆ. ಇಂದು ಹುಡುಗಿಯರಿಲ್ಲದ ಪಥಕವನ್ನು ಹುಡುಕಬೇಕು.

ಅದರೊಳಗಿನ ವ್ಯವಸ್ಥೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕಷ್ಟದ ಕೆಲಸವೆಲ್ಲ ತಾಶಾದವರದು. ಎತ್ತಿಕೊಡುವವರು ಅವರು, ಲಯ ಬದಲಿಸುವವರು ಅವರು, ಮುಗಿಸುವ ಸೂಚನೆಯೂ ಅವರದೇ. ತಾಶಾ ಹಿಡಿಯಲು ವರ್ಷಗಳೇ ಬೇಕು. ಢೋಲಿನ ಸಾಲಿಗೆ ಬರುವ ಹೊಸಬನಿಗೆ ಮೊದಲು ಒಂದೇ ಸರಳ ಪೆಟ್ಟಿನ ವರಸೆ. ಅದನ್ನು ಕೆಲವೇ ವಾರಗಳಲ್ಲಿ ಕಲಿತು ಅವನು ಲಕ್ಷ್ಮೀ ರಸ್ತೆಯಲ್ಲಿ ನಡೆದುಬಿಡಬಹುದು. ಅವನ ಪೆಟ್ಟು ಸರಳವೇ ಹೊರತು ಸುಳ್ಳಲ್ಲ. ಅದಿಲ್ಲದಿದ್ದರೆ ತಾಶಾದ ಚಮತ್ಕಾರ ಗಾಳಿಯಲ್ಲಿ ತೂರಿಹೋಗುತ್ತದೆ. ಹೊಸಬರಿಗೆ ನಿಜವಾದ ಕೆಲಸ ಕೊಟ್ಟು, ಬಲ್ಲವರಿಗೆ ಹೊಣೆ ಕೊಡುವ ಈ ಏರ್ಪಾಡು ಯಾವ ಸಂಗೀತ ವಿದ್ಯಾಲಯದ ಪಠ್ಯಕ್ರಮದಲ್ಲೂ ಇಲ್ಲ. ನಮ್ಮ ಬಾಗಲಕೋಟೆ, ವಿಜಾಪುರ ಕಡೆಯ ಕರಡಿ ಮಜಲಿನಲ್ಲಿ, ಡೊಳ್ಳಿನ ಮೇಳದಲ್ಲಿ, ಊರ ಭಜನೆಯಲ್ಲಿ ಮಾತ್ರ ಇದೆ. ಅಲ್ಲಿ ತಾಳ ಹಾಕುವ ಹುಡುಗ ನಾಲ್ಕು ವರ್ಷದಲ್ಲಿ ತಾನಾಗಿಯೇ ದಮಡಿಗೆ ಬರುತ್ತಾನೆ. ಯಾರೂ ಅವನಿಗೆ ಸರ್ಟಿಫಿಕೇಟು ಕೊಟ್ಟಿರುವುದಿಲ್ಲ.

ಪಥಕದ ಗದ್ದಲದ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಇಲ್ಲಿರುವ ವೃದ್ಧರು ನನ್ನನ್ನು ಕ್ಷಮಿಸುವುದಿಲ್ಲ. 2024ರ ಗಣೇಶೋತ್ಸವಕ್ಕೆ ಮುನ್ನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪುಣೆ ಪೀಠ ಒಂದು ಪಥಕದಲ್ಲಿ 30ಕ್ಕಿಂತ ಹೆಚ್ಚು ಜನ ಇರಬಾರದು ಎಂದಿತು. ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಢೋಲ್‌-ತಾಶಾ ಪುಣೆಯ ಹೃದಯ ಎಂಬರ್ಥದ ಮಾತನ್ನು ಆಗಿನ ಮುಖ್ಯ ನ್ಯಾಯಮೂರ್ತಿಗಳು ಆಡಿದರು. ನಾನು ಕೋರ್ಟಿನ ಪಕ್ಷವೂ ಹೌದು, ವೃದ್ಧರ ಪಕ್ಷವೂ ಹೌದು. ನೂರು ಢೋಲುಗಳ ನಡುವೆ ಗಂಟೆಗಟ್ಟಲೆ ನಿಲ್ಲುವ ಹುಡುಗಿಯ ಕಿವಿಯನ್ನು ಯಾರು ನೋಡಿಕೊಳ್ಳುತ್ತಾರೆ? ನಮ್ಮಲ್ಲಿಂದ ಪಥಕಕ್ಕೆ ಹೋಗುವ ಮಕ್ಕಳಿಗೆ ಕಿವಿಗೆ ಬಿರಡೆ ಹಾಕಿಕೊಂಡೇ ಹೋಗಿ ಎಂದು ಹೇಳಿ ಕಳಿಸುತ್ತೇನೆ. ಅರ್ಧ ಜನ ದಾರಿಯಲ್ಲೇ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ ಎಂಬುದೂ ಗೊತ್ತಿದೆ.

ಪಥಕದಿಂದ ನಾನು ತೆಗೆದುಕೊಂಡದ್ದು ಒಂದು ಕ್ರಮ. ಮಕ್ಕಳ ವಾದ್ಯವೃಂದದಲ್ಲಿ ಕೃತಿಗೆ ತಕ್ಕ ಮಕ್ಕಳನ್ನು ಆರಿಸಬಾರದು, ಬಂದ ಮಕ್ಕಳಿಗೆ ತಕ್ಕ ಕೃತಿ ಕಟ್ಟಬೇಕು. ಅದನ್ನೂ ಹಿಂದಿನ ಸಾಲಿನಿಂದ ಕಟ್ಟಲು ತೊಡಗಬೇಕು. ಇದನ್ನು ನಾನು ಕಂಡುಹಿಡಿದದ್ದೇನಲ್ಲ. ಮೈಹರಿನಲ್ಲಿ ಅಲ್ಲಾವುದ್ದೀನ್ ಖಾನ್ ಸಾಹೇಬರು ನೂರು ವರ್ಷದ ಹಿಂದೆಯೇ ಮಾಡಿ ತೋರಿಸಿದ್ದಾರೆ. 1918ರ ಸುಮಾರಿನ ಸಾಂಕ್ರಾಮಿಕದಲ್ಲಿ ತಂದೆತಾಯಿ ಕಳೆದುಕೊಂಡ ಮಕ್ಕಳನ್ನು ಒಟ್ಟುಗೂಡಿಸಿ ಅವರು ಮೈಹರ್ ಬ್ಯಾಂಡ್ ಕಟ್ಟಿದರು. ರವಿಶಂಕರ್, ಅಲಿ ಅಕ್ಬರ್, ಅನ್ನಪೂರ್ಣಾದೇವಿಯವರ ಗುರು ಎಂದು ಅವರನ್ನು ನೆನೆಯುತ್ತೇವೆ. ಆ ಅನಾಥ ಮಕ್ಕಳ ಗುರು ಎಂದು ನೆನೆಯುವುದು ಕಡಿಮೆ. ಸಂಗೀತದ ಗಂಧವಿಲ್ಲದ ಮಕ್ಕಳು. ಕೈಗೆ ಸಿಕ್ಕ ವಾದ್ಯಗಳು. ಸಾಲದ್ದಕ್ಕೆ ಬಂದೂಕಿನ ನಳಿಗೆಗಳನ್ನು ಬೇರೆ ಬೇರೆ ಉದ್ದಕ್ಕೆ ಕತ್ತರಿಸಿ ಸಾಲಾಗಿ ಜೋಡಿಸಿ ‘ನಳತರಂಗ’ ಎಂಬ ಹೊಸ ವಾದ್ಯವನ್ನೇ ಮಾಡಿಸಿದರು. ಕಬ್ಬಿಣದ ನಳಿಗೆ ಮಳೆಗೆ ಇಳಿಯುವುದಿಲ್ಲ, ಸಣ್ಣ ಮಗು ಹೊಡೆದರೂ ಸ್ವರ ತಪ್ಪುವುದಿಲ್ಲ. ಶಿಷ್ಯರ ವಿಷಯದಲ್ಲಿ ಮಹಾ ಕೋಪಿಷ್ಠ ಎಂದು ಹೆಸರಾದ ಮನುಷ್ಯ, ತಪ್ಪಲಾಗದ ವಾದ್ಯವೊಂದನ್ನು ಮಕ್ಕಳ ಕೈಗೆ ಇಟ್ಟ!

ನಮ್ಮದೇ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಇದರ ಪಕ್ಕದಲ್ಲಿಡಬೇಕು. ಪಂಚಾಕ್ಷರಿ ಗವಾಯಿಗಳು ತಾವೇ ಅಂಧರು. ಕಣ್ಣಿಲ್ಲದ ಮಕ್ಕಳನ್ನು, ಗತಿಯಿಲ್ಲದ ಮಕ್ಕಳನ್ನು ಸೇರಿಸಿಕೊಂಡು ಜೋಳಿಗೆಯ ಅನ್ನದಲ್ಲಿ ಸಂಗೀತ ಕಲಿಸಿದರು. 1944ರಲ್ಲಿ ಅವರು ಹೋದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಹೊರೆ ಹೊತ್ತರು. ಬಸವರಾಜ ರಾಜಗುರು ಅಲ್ಲಿಂದ ಬಂದವರು, ವೆಂಕಟೇಶ ಕುಮಾರ್ ಅಲ್ಲಿಂದ ಬಂದವರು ಎಂದು ದೊಡ್ಡ ಹೆಸರುಗಳನ್ನು ಎಣಿಸುತ್ತೇವಲ್ಲ, ನನಗೆ ಅದಕ್ಕಿಂತ ಕುತೂಹಲ ಬೇರೆಯದರಲ್ಲಿದೆ. ಆಶ್ರಮಕ್ಕೆ ತನ್ನದೇ ನಾಟಕ ಕಂಪನಿ ಇತ್ತು. ನಾಟಕ ಎಂದ ಮೇಲೆ ಹಾರ್ಮೋನಿಯಂ, ತಬಲಾ, ಪಿಟೀಲು ಕೂಡಿ ನಡೆಯಲೇಬೇಕು. ನುಡಿಸುವವರಲ್ಲಿ ಕಣ್ಣಿಲ್ಲದವರಿರುವಾಗ ಕೈ ಎತ್ತಿ ಸನ್ನೆ ಮಾಡಿ ಏನು ಪ್ರಯೋಜನ? ಎತ್ತುಗಡೆಗೆ ಮುಂಚೆ ಪಕ್ಕದವನು ಎಳೆದುಕೊಳ್ಳುವ ಉಸಿರು, ತಬಲಾದವನು ಕೊಡುವ ಸಣ್ಣ ತುಂಡು, ಇವೇ ಸನ್ನೆಗಳಾಗಬೇಕು.

ಈ ಯೋಚನೆಯಿಂದ ನಮ್ಮ ಅಭ್ಯಾಸದಲ್ಲಿ ಒಂದು ಪದ್ಧತಿ ಬಂದಿದೆ. ಹೊಸ ಗತ್ತು ಒಂದು ಮಟ್ಟಕ್ಕೆ ಬಂದ ಮೇಲೆ ಮಕ್ಕಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸುತ್ತೇನೆ. ನಾನು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂರುತ್ತೇನೆ. ಮೊದಮೊದಲು ನಗು, ತಳ್ಳಾಟ. ಆಮೇಲೆ ಯಾರೋ ಒಬ್ಬಳು ಜೋರಾಗಿ ಮೂಗಿನಿಂದ ಉಸಿರೆಳೆಯುತ್ತಾಳೆ, ಎಲ್ಲರೂ ಒಟ್ಟಿಗೆ ಸಮಕ್ಕೆ ಬೀಳುತ್ತಾರೆ. ಮುಗಿಸುವುದಕ್ಕೂ ನನ್ನ ಕೈ ಬೇಕಿಲ್ಲ, ತಿಹಾಯಿ ಇದೆಯಲ್ಲ. ಒಂದೇ ತುಣುಕು ಮೂರು ಸಲ ಬಂದು ಸಮದ ಮೇಲೆ ಕೂತರೆ ಏಳು ವರ್ಷದ ಮಗುವಿಗೂ ಮುಗಿಯಿತು ಎಂದು ತಿಳಿಯುತ್ತದೆ. ಪಾಶ್ಚಾತ್ಯ ವೃಂದದಲ್ಲಿ ಕೋಲು ಹಿಡಿದು ನಡೆಸುವವರು ಗಾಳಿಯಲ್ಲಿ ಮಾಡುವ ಕೆಲಸದ ಒಂದು ಪಾಲನ್ನು ನಮ್ಮ ಹಿರಿಯರು ಸಂಗೀತದ ಒಳಗೇ ಇಟ್ಟುಬಿಟ್ಟಿದ್ದಾರೆ.

ನಡೆಸುವವನಿಗೆ ಕೆಲಸವೇ ಇಲ್ಲ ಎಂದಲ್ಲ. ನಿಮಗೆ ನಮ್ಮ ಕಾತ್ರಜದ ಕೆರೆ ಗೊತ್ತು. ಪೇಶ್ವೆ ನಾನಾಸಾಹೇಬರ ಕಾಲದಲ್ಲಿ ಇಲ್ಲಿಂದ ಶನಿವಾರವಾಡೆಯವರೆಗೆ ನೆಲದೊಳಗಿನ ಕಾಲುವೆಯಲ್ಲಿ ನೀರು ಹೋಗುತ್ತಿತ್ತು. ಪಂಪಿಲ್ಲ, ಎತ್ತಿಲ್ಲ, ಇಳಿಜಾರನ್ನು ಲೆಕ್ಕ ಹಾಕಿ ಕಟ್ಟಿದ್ದರು, ನೀರು ತಾನೇ ಹೋಯಿತು. ವೃಂದ ನಡೆಸುವವನ ಹೆಚ್ಚಿನ ಕೆಲಸ ಆ ಲೆಕ್ಕದ್ದು. ಅದು ಭಾನುವಾರ ಮಕ್ಕಳ ಎದುರಿಗಲ್ಲ, ಶನಿವಾರ ರಾತ್ರಿ ಕಾಗದದ ಮೇಲೆ ಆಗುತ್ತದೆ.

ಆ ಲೆಕ್ಕದ ಒಂದು ಉದಾಹರಣೆ ಕೊಡುತ್ತೇನೆ. ಸಂಗೀತ ಬಾರದವರು ಎರಡು ನಿಮಿಷ ಸಹಿಸಿಕೊಳ್ಳಬೇಕು.

ನಮ್ಮ ದೊಡ್ಡ ತಲೆನೋವು ಶ್ರುತಿ. ದನಿ ಒಡೆದ ಹುಡುಗರಿಗೆ ಹಾರ್ಮೋನಿಯಂನ ಮೊದಲ ಕರಿ ಮನೆ, ಎಂದರೆ ಕರಿ ಒಂದು, ಹಿತ. ಹುಡುಗಿಯರಿಗೆ, ಸಣ್ಣ ಮಕ್ಕಳಿಗೆ ಅದು ಹಾಡಲಾರದಷ್ಟು ತಗ್ಗು ಅಥವಾ ತೀರ ಮೇಲು. ಒಬ್ಬರಿಗೆ ಸರಿಮಾಡಿದರೆ ಇನ್ನೊಬ್ಬರು ಬಾಯಿ ಮುಚ್ಚಿ ಕೂರಬೇಕು. ಬಹಳ ಕಡೆ ಹಾಗೇ ಕೂರಿಸುತ್ತಾರೆ ಕೂಡ. ಇದಕ್ಕೆ ಮೂರ್ಛನೆಯಲ್ಲಿ, ಎಂದರೆ ರಾಗದ ಬೇರೊಂದು ಸ್ವರವನ್ನು ಷಡ್ಜವಾಗಿ ಹಿಡಿಯುವುದರಲ್ಲಿ, ಪರಿಹಾರವಿದೆ. ಕರ್ನಾಟಕ ಪದ್ಧತಿಯಿಂದ ಹಿಂದುಸ್ತಾನಿಗೆ ಬಂದ ಆಭೋಗಿ ರಾಗವನ್ನು ತೆಗೆದುಕೊಳ್ಳಿ. ಷಡ್ಜ, ರಿಷಭ, ಕೋಮಲ ಗಾಂಧಾರ, ಮಧ್ಯಮ, ಧೈವತ, ಇಷ್ಟೇ ಐದು. ಈಗ ಅದರ ಮಧ್ಯಮವನ್ನೇ ಷಡ್ಜ ಎಂದು ಹಿಡಿಯಿರಿ. ಧೈವತ ಗಾಂಧಾರವಾಗುತ್ತದೆ, ಹಳೆಯ ಷಡ್ಜ ಪಂಚಮವಾಗುತ್ತದೆ, ರಿಷಭ ಧೈವತವಾಗುತ್ತದೆ, ಕೋಮಲ ಗಾಂಧಾರ ಕೋಮಲ ನಿಷಾದವಾಗುತ್ತದೆ. ಅದು ಕಲಾವತಿ, ಮೈಸೂರು ಕಡೆಯವರಿಗೆ ವಲಚಿ. ಹುಡುಗರು ಕರಿ ಒಂದರಲ್ಲಿ ಆಭೋಗಿ ಹಾಡುತ್ತಾರೆ, ಹುಡುಗಿಯರು ಕರಿ ಮೂರರಲ್ಲಿ ಕಲಾವತಿ ಹಾಡುತ್ತಾರೆ, ಹಾರ್ಮೋನಿಯಂ ಮೇಲೆ ಎರಡಕ್ಕೂ ಅವೇ ಐದು ಮನೆ: ನಾಲ್ಕು ಕರಿ, ಒಂದು ಬಿಳಿ. ಗಂಡು ಹೆಣ್ಣು ದನಿಗಳ ಜುಗಲ್‌ಬಂದಿಗೆ ಪಂಡಿತ ಜಸರಾಜರು ಈ ತತ್ವವನ್ನೇ ಬಳಸಿದರು. ಅದಕ್ಕೆ ‘ಜಸರಂಗಿ’ ಎಂದು ಹೆಸರು ಬಂತು.

ಇಲ್ಲಿಯವರೆಗಿನದು ಪಂಡಿತರ ಮಾತು. ನನಗೆ ಬೇಕಾದದ್ದು ಇದರ ಮುಂದಿನದು. ಆಭೋಗಿಗೆ ಪಂಚಮವಿಲ್ಲ, ಆದ್ದರಿಂದ ತಂಬೂರಿಯ ಮೊದಲ ತಂತಿಯನ್ನು ಮಧ್ಯಮಕ್ಕೆ ಕೂಡಿಸುತ್ತಾರೆ. ಹುಡುಗರ ಮಧ್ಯಮ, ಷಡ್ಜ ಎಂದರೆ ಕರಿ ಮೂರು, ಕರಿ ಒಂದು. ಹುಡುಗಿಯರ ಕಲಾವತಿಗೆ ಬೇಕಾದ ಷಡ್ಜ, ಪಂಚಮ ಎಂದರೂ ಕರಿ ಮೂರು, ಕರಿ ಒಂದು. ಬಿರಟೆ ತಿರುವದೆ ಒಂದೇ ತಂಬೂರಿ ಎರಡೂ ರಾಗಗಳಿಗೆ ಒದಗುತ್ತದೆ. ಕಳೆದ ಜೂನ್‌ನಲ್ಲಿ ಸೇರಿದ ಮಗು ಇದೆ, ಹಾರ್ಮೋನಿಯಂ ಮೇಲೆ ಎರಡೇ ಮನೆ ಗೊತ್ತು. ಆ ಎರಡು ಮನೆ ಇವೇ. ಹಿಂದಿನ ಸಾಲಿನಲ್ಲಿ ಕೂತು ಅವಳು ನಾಲ್ಕು ಮಾತ್ರೆಗೊಮ್ಮೆ ಮನೆ ಬದಲಿಸುತ್ತಾಳೆ. ಮುಂದಿನ ಸಾಲಿನ ಪ್ರವೀಣರು ಯಾವ ರಾಗದಲ್ಲಿದ್ದರೂ ತಿರುಗಿ ಬಂದು ನಿಲ್ಲುವುದು ಅವಳು ಒತ್ತಿದ ಮನೆಯ ಮೇಲೆಯೇ. ಅವಳು ಒಂದು ಮಾತ್ರೆ ತಡವರಿಸಿದರೆ ಹಾಲ್ ಪೂರ್ತಿ ತಡವರಿಸುತ್ತದೆ. ಅವಳಿಗದು ಗೊತ್ತು. ಕಾತ್ರಜ ಚೌಕದ ಟ್ರಾಫಿಕ್ಕನ್ನು ದಾಟಿಕೊಂಡು ಎಲ್ಲರಿಗಿಂತ ಮುಂಚೆ ಬರುವವಳು ಅವಳೇ.

ಹಾರ್ಮೋನಿಯಂ ಎಂದಾಗ ಮೂಗು ಮುರಿಯುವವರು ಇನ್ನೂ ಇದ್ದಾರೆ. 1940ರಿಂದ ಮೂರು ದಶಕ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ಅದರ ಗಾಂಧಾರ ತಂಬೂರಿಯ ಗಾಂಧಾರಕ್ಕೆ ಹೊಂದುವುದಿಲ್ಲ ಎಂಬ ಆಕ್ಷೇಪ ಸುಳ್ಳೂ ಅಲ್ಲ. ನಾನು ಮಕ್ಕಳಿಗೆ ಅದನ್ನು ಮುಚ್ಚಿಡುವುದಿಲ್ಲ. ಎರಡನ್ನೂ ಒಟ್ಟಿಗೆ ನುಡಿಸಿ ಕೇಳಿಸುತ್ತೇನೆ, ಅವರ ಮುಖ ಕಿವುಚಿಕೊಳ್ಳುತ್ತದೆ, ಪಾಠ ಮುಗಿಯಿತು. ಆದರೆ ಬಡವರ ಮನೆಯಲ್ಲಿ ಸಿಗುವ, ಮಳೆಗಾಲದಲ್ಲೂ ಸ್ವರ ಬಿಡದ ವಾದ್ಯ ಅದೊಂದೇ. ಜುಲೈನಲ್ಲಿ ಘಾಟಿನ ಕಡೆಯಿಂದ ಮಳೆ ಇಳಿದರೆ ತಬಲಾದ ಚರ್ಮ ಸಡಿಲಾಗಿ ಅರ್ಧ ಗಂಟೆ ಸುತ್ತಿಗೆಯ ಸದ್ದೇ ಆಗುತ್ತದೆ. ಪಿಟೀಲಿನ ಬಿರಟೆ ಊದಿಕೊಂಡು ಅಲ್ಲಾಡುವುದಿಲ್ಲ. ತಗಡಿನ ಮೇಲೆ ಮಳೆ ಬೀಳುವಾಗ ಮೆಲುದನಿಯ ಪಾಠ ಸಾಧ್ಯವೇ ಇಲ್ಲ. ಆ ದಿನಗಳಲ್ಲಿ ಬೋಲ್ ಹೇಳಿಸಿ, ಕೈತಾಳ ಹಾಕಿಸುತ್ತೇನೆ. ಮಾತ್ರೆ ಎಣಿಸುವಾಗ ಒಬ್ಬರು ಒಂದ-ಎರಡ, ಇನ್ನೊಬ್ಬರು ಏಕ್-ದೋನ್. ಧಾ ಧಿನ್ ಧಿನ್ ಧಾ ಎಂದರೆ ಎಲ್ಲರದ್ದೂ ಒಂದೇ ಭಾಷೆ, ಭಾಷಾವಾರು ಪ್ರಾಂತದ ಜಗಳ ಅಲ್ಲಿಗೆ ಬರುವುದಿಲ್ಲ.

ದೊಡ್ಡ ಮಾದರಿಗಳ ಬಗ್ಗೆಯೂ ಕೇಳುತ್ತೀರಿ. ಮೈಸೂರಿನಲ್ಲಿ ನಾಲ್ವಡಿಯವರ ಕಾಲಕ್ಕೆ ಅರಮನೆಯಲ್ಲಿ ಕರ್ನಾಟಕ ವಾದ್ಯವೃಂದವೂ ಇತ್ತು, ಇಂಗ್ಲಿಷ್ ಬ್ಯಾಂಡೂ ಇತ್ತು. ಅವುಗಳ ಪರಂಪರೆ ಇಂದು ಪೊಲೀಸ್ ಬ್ಯಾಂಡಿನಲ್ಲಿ ಉಳಿದಿದೆ. 1952ರಲ್ಲಿ ಆಕಾಶವಾಣಿ ದೆಹಲಿಯಲ್ಲಿ ವಾದ್ಯವೃಂದ ಕಟ್ಟಿದಾಗ ರವಿಶಂಕರ್ ಮತ್ತು ಟಿ. ಕೆ. ಜಯರಾಮ ಅಯ್ಯರ್ ಅದನ್ನು ನಡೆಸಿದರು. ಇವೆಲ್ಲ ನುರಿತವರ ವೃಂದಗಳು, ಸಂಬಳದ ವೃಂದಗಳು. ನಮಗೆ ಹತ್ತಿರದ್ದು ಬೊಂಬಾಯಿಯ ಮೆಹ್ಲಿ ಮೆಹ್ತಾ ಅವರ ಕೆಲಸ. ಜುಬಿನ್ ಮೆಹ್ತಾ ಅವರ ತಂದೆ. 1935ರಲ್ಲಿ ಬೊಂಬಾಯಿಯಲ್ಲಿ ಸಿಂಫನಿ ವೃಂದ ಕಟ್ಟಿದವರು. ಅಮೆರಿಕಕ್ಕೆ ಹೋಗಿ 1964ರಲ್ಲಿ ಲಾಸ್ ಏಂಜಲೀಸಿನಲ್ಲಿ ಯುವಕರ ಸಿಂಫನಿ ಶುರುಮಾಡಿ, ತೊಂಬತ್ತರ ಅಂಚಿನವರೆಗೂ ಅದನ್ನು ನಡೆಸಿದರು. ಎಷ್ಟೋ ವೃತ್ತಿಪರ ವೃಂದಗಳಿಗೆ ಅಲ್ಲಿಂದ ವಾದಕರು ಹೋದರು. ಅಂಥ ಸಂಸ್ಥೆಯೂ ಹಣದ ಮುಗ್ಗಟ್ಟಿನಿಂದ 2024ರಲ್ಲಿ ಬಾಗಿಲು ಹಾಕಿತು. ವೆನೆಜುವೆಲಾದಲ್ಲಿ ಹೊಸೆ ಆಂತೋನಿಯೊ ಅಬ್ರೆಯು 1975ರಲ್ಲಿ ಬಡ ಮಕ್ಕಳಿಗಾಗಿ ತೊಡಗಿಸಿದ ವೃಂದಗಳು ಸರಕಾರದ ದುಡ್ಡಿನಿಂದ ದೇಶವಿಡೀ ಹಬ್ಬಿದವು, ಸರಕಾರದ ಮರ್ಜಿಗೂ ಬಿದ್ದವು. ಸೊಸೈಟಿಯ ಹಾಲ್, ಪಾಲಕರು ಕೊಡುವ ಚಹಾ, ಹತ್ತು ಜನರ ಚಂದಾ: ನಮ್ಮ ಬಡತನದಲ್ಲಿ ಇಷ್ಟಾದರೂ ನಿಶ್ಚಿಂತೆ ಇದೆ.

ಮತ್ತೆ ಆ ವಿಜಾಪುರದ ತಾಯಿಗೆ ನಾನು ಕೊಟ್ಟ ಉತ್ತರ. ಅವರ ಮಗಳಿಗೆ ಒಳ್ಳೆಯ ಕಂಠವಿದೆ, ಒಬ್ಬಳೇ ಹಾಡುವ ದಿನ ಬರುತ್ತದೆ, ಅದಕ್ಕೆ ನಾನಲ್ಲ ಗುರು. ಬೇರೆಯವರ ಹೆಸರು ಹೇಳಿ ಕಳಿಸಿದೆ. ಭಾನುವಾರ ಮಾತ್ರ ತಪ್ಪಿಸಬೇಡಿ ಎಂದೆ. ಆಯಮ್ಮ ಒಪ್ಪಿದರು, ಪೂರ್ತಿ ಮನಸ್ಸಿನಿಂದಲ್ಲ.

ವೃಂದದ ಮಕ್ಕಳು ನಿಲ್ಲುವುದಿಲ್ಲ ಎಂಬುದು ಇನ್ನೊಂದು ಸಂಗತಿ. ಹತ್ತನೇ ಇಯತ್ತೆ ಬಂತೆಂದರೆ ಕ್ಲಾಸು, ಟ್ಯೂಷನ್ನು. ಕೊಳಲು ಕಪಾಟಿಗೆ ಹೋಗುತ್ತದೆ. ಈ ವರ್ಷ ಕೊಳಲಿನವರೇ ಹೆಚ್ಚು ಹೋದರು, ಬಂದವರಲ್ಲಿ ಇಬ್ಬರು ಕೀಬೋರ್ಡಿನವರು, ಒಬ್ಬ ಬರೀ ಖಂಜಿರ. ಹೋದ ವರ್ಷ ಬರೆದ ಕಾಗದಗಳು ಈ ವರ್ಷಕ್ಕೆ ಬಾರವು, ಹೊಸದಾಗಿ ಬರೆಯುತ್ತಿದ್ದೇನೆ. ಖಂಜಿರದ ಹುಡುಗನಿಗೆ ಆಭೋಗಿಯಲ್ಲಿ ಏನು ಕೊಡುವುದು ಎಂಬುದು ಇನ್ನೂ ಬಗೆಹರಿದಿಲ್ಲ.

ಕೊನೆಗೊಂದು ವಿನಂತಿ. ಈ ಸಭೆಯಲ್ಲಿರುವ ಹಿರಿಯರ ಮನೆಯ ಅಟ್ಟದ ಮೇಲೆ ಯಾರೂ ಮುಟ್ಟದ ಹಾರ್ಮೋನಿಯಂಗಳಿವೆ; ಇಲ್ಲವೆನ್ನಬೇಡಿ, ಪುಣೆಯ ಮನೆಗಳು ನನಗೆ ಗೊತ್ತು. ತಿದಿ ಹರಿದಿದ್ದರೆ ಹೊಲಿಸಿಕೊಳ್ಳುತ್ತೇವೆ, ಒಂದೆರಡು ಸ್ವರ ಕೆಟ್ಟಿದ್ದರೂ ಪರವಾಗಿಲ್ಲ. ಕರಿ ಒಂದು, ಕರಿ ಮೂರು ಮಾತ್ರ ನುಡಿಯುತ್ತವೆಯೇ ಎಂದು ಒತ್ತಿ ನೋಡಿ ಕಳಿಸಿಕೊಡಿ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಹಾಲ್ ತೆರೆದಿರುತ್ತದೆ.